ಒಪ್ಪಿಸುವ ಕೀಲಿ

4 ನವೆಂಬರ್, ಸೋಮವಾರ

ಹೊಸ ತಂತ್ರಾಂಶ ಹಾಕಿಸಿಕೊಳ್ಳಲೇಬೇಕಂತೆ. ನ್ಯಾಯಾಲಯದ ಕಚೇರಿಯ ಹುಡುಗಿ ಫೋನಿನಲ್ಲಿ ಹೇಳಿದಳು, ಕೇಳಲಿಲ್ಲ. ಲೂಕೆ ಊರಿನ ಈ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಸಾಕ್ಷಿಗಳು ನಮ್ಮ ಗ್ವಾರಾನಿ ಭಾಷೆಯಲ್ಲಿ ಹೇಳಿದ ಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸ ನಾನು ಶುರುಮಾಡಿದಾಗ ಆ ಹುಡುಗಿ ಹುಟ್ಟಿರಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ಒಂದು ಟೈಪ್‌ರೈಟರ್. ಈಗ ಕಂಪ್ಯೂಟರುಗಳಿವೆ, ನನ್ನ ಜೊತೆ ನಾದಿನಿ ಎಲ್ವಾ, ತಂಗಿಯ ಮಗಳು ಸುನಿಲ್ದಾ, ಮಗ ಆರ್ಸೆನಿಯೋನ ಹೆಂಡತಿ ಇದ್ದಾರೆ. ಎಲ್ಲರಿಗೂ ಕಲಿಸಿದವಳು ನಾನು. ಆರ್ಸೆನಿಯೋನ ಹೆಂಡತಿ ಮಾತ್ರ ತನ್ನ ಊರಿನ ಶಾಲೆಯಲ್ಲೇ ಕಲಿತು ಬಂದವಳು. ಅದು ಅವಳ ಕೈ ನೋಡಿದರೇ ಗೊತ್ತಾಗುತ್ತದೆ.

ತಂತ್ರಾಂಶ ಮಾಡಿದವರು ಒಬ್ಬ ಕುರೆಪಿಯನ್ನು ಕಳಿಸಿದ್ದಾರೆ. ಹಾಗನ್ನಬಾರದು ಎಂದು ಎಲ್ವಾ ಹೇಳುತ್ತಾಳೆ. ಅರ್ಜೆಂಟೀನಾದವನನ್ನು ಇನ್ನೇನೆಂದು ಕರೆಯಬೇಕು? ಹೆಸರು ಎಸೆಕಿಯೆಲ್. ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂದು ಯೋಚಿಸುವುದೇ ಅವನ ಉದ್ಯೋಗ. ಅದೂ ಒಂದು ಉದ್ಯೋಗ.

ಸುನಿಲ್ದಾ ಸೊಪ್ಪಿನ ಪುಡಿಗೆ ಐಸ್ ನೀರು ಹಾಕಿ ತೆರೆರೆ ಸುರಿದು ಕೊಟ್ಟಳು. ಅವನು ಕೊಂಬಿನ ಬಟ್ಟಲು, ಗ್ವಾಂಪಾ, ಕೈಗೆ ತೆಗೆದುಕೊಂಡು, "ನೀರು ಕಾಯಿಸೋಕೆ ಮರೆತ್ರಾ, ಞಾ ಬಸಿಲಿಸಾ?" ಎಂದ. ಹಿರಿಯಳಿಗೆ ಞಾ ಎನ್ನಬೇಕೆಂದು ಮಾತ್ರ ಕಲಿತು ಬಂದಿದ್ದಾನೆ.

"ಈ ಸೆಕೇಲಿ ಬಿಸಿನೀರು ಕುಡಿಯೋ ಬುದ್ಧಿ ನಿಮ್ಮೂರಲ್ಲೇ ಇರ್ಲಿ ಕಣಪ್ಪ."

ಎಲ್ಲರೂ ನಕ್ಕರು, ಅವನೂ ನಕ್ಕ. ಒಂದೇ ಸುತ್ತಿಗೆ ಗ್ವಾಂಪಾ ಹಿಂದೆ ಕೊಟ್ಟು "ಗ್ರಾಸಿಯಾಸ್" ಎಂದ. ತೆರೆರೆ ಸುತ್ತಿನಲ್ಲಿ ಧನ್ಯವಾದ ಎಂದರೆ ಇನ್ನು ಸಾಕು ಎಂದರ್ಥ, ಹಾಗೆಂದವರಿಗೆ ಮತ್ತೆ ಸುರಿಯುವುದಿಲ್ಲ. ಸುರಿಯಲಿಲ್ಲ.

5 ನವೆಂಬರ್, ಮಂಗಳವಾರ

ಮೌಸ್ ಹಿಡಿದು ಕೆಲಸ ಮಾಡುವವಳು ಟೈಪಿಸ್ಟ್ ಅಲ್ಲ, ಬಟ್ಟೆಗೆ ಇಸ್ತ್ರಿ ಹಾಕುವವಳು. ಕುರೆಪಿಗೆ ಇದನ್ನೇ ಹೇಳಿದೆ. ನನ್ನ ಕೋಣೆಯಲ್ಲಿ ಎಲ್ಲವೂ ಕೀಲಿಯಿಂದಲೇ ಆಗಬೇಕು.

"ಆಗುತ್ತೆ, ಅದಕ್ಕೇ ಬಂದಿರೋದು," ಎಂದ. ಆಮೇಲೆ ಶುರುವಾಯಿತು ಪಾಠ. ಇದೇ ತಂತ್ರಾಂಶವನ್ನು ಪೆರುವಿನಲ್ಲಿ ಕೆಚುವಾ ಬರೆಯುವವರು ಬಳಸುತ್ತಾರೆ, ಹೈಟಿಯಲ್ಲಿ ಕ್ರಿಯೋಲ್ ಬರೆಯುವವರು ಬಳಸುತ್ತಾರೆ. ಹೈಟಿಯವರ ಕೀಲಿಮಣೆಯಲ್ಲಿ ನಮ್ಮ ಕ್ಯೂ ಇರುವ ಕಡೆ ಅವರ ಎ (A) ಕೂತಿರುತ್ತದಂತೆ. "ಅಕ್ಷರ ನೋಡಿ ಶಾರ್ಟ್‌ಕಟ್ ಇಟ್ರೆ ಒಬ್ಬರ ಕೈ ತೊಡರುತ್ತೆ, ಜಾಗ ನೋಡಿ ಇಟ್ರೆ ಇನ್ನೊಬ್ಬರ ತಲೆ ತೊಡರುತ್ತೆ. ಅದಕ್ಕೇ ನಾವು ಯಾವುದನ್ನೂ ಗಟ್ಟಿ ಮಾಡಿಲ್ಲ. ಅವರವರ ಕೀಲಿ ಅವರವರೇ ಇಟ್ಕೋಬಹುದು."

"ಅವರವರೇ? ನನ್ನ ಕೋಣೇಲಿ?"

"ಹೌದು. ಎರಡು ದಿನ ಕೊಡಿ. ಒಬ್ಬೊಬ್ಬರ ಪಕ್ಕ ಕೂತು ಕೈ ಹೇಗೆ ಓಡುತ್ತೆ ನೋಡ್ತೀನಿ. ಆಮೇಲೆ ಇಡೋಣ."

"ನನ್ನ ಕೈ ನೋಡು, ಸಾಕು. ಇವರೆಲ್ಲ ಇದೇ ಕೈಯಿಂದ ಕಲಿತವರು."

ಮುಖ ಸಣ್ಣಗೆ ಮಾಡಿಕೊಂಡ. ಹುಡುಗರ ಮುಖ ನೋಡಿ ನಾನು ಕೋಣೆ ನಡೆಸಿಲ್ಲ.

ಟೈಪ್ ಮಾಡಿ ಮುಗಿಸಿದ ಹೇಳಿಕೆಯನ್ನು ಕಚೇರಿಗೆ ಒಪ್ಪಿಸುವುದಕ್ಕೆ ಒಂದು ಕೀಲಿ ಬೇಕಿತ್ತು. ಬಲಗಡೆಯ ಆಲ್ಟ್ ಹಿಡಿದು ಇ (E) ಒತ್ತಿದರೆ ಒಪ್ಪಿಸಿದ ಹಾಗೆ, ಎಂದು ಇಟ್ಟೆ. ನನ್ನ ಬಲ ಹೆಬ್ಬೆರಳು ಸುಮ್ಮನಿದ್ದಾಗ ಅಲ್ಲೇ ಇರುತ್ತದೆ. ಪರದೆಯ ಮೇಲೆ ಒಂದು ಹಳದಿ ಚೌಕ ಎದ್ದು, ಈ ಕೀಲಿ ಕೆಲವು ಭಾಷೆಗಳಲ್ಲಿ ಅಕ್ಷರಕ್ಕೆ ಬಳಕೆಯಾಗುತ್ತದೆ, ಖಚಿತವೇ ಎಂದು ಕೇಳಿತು. ನಾನು ಯಾವಾಗ ಖಚಿತವಾಗಿಲ್ಲ? ಒತ್ತಿದೆ. ಪ್ರತಿ ಸಲ ಒಪ್ಪಿಸುವಾಗಲೂ "ಒಪ್ಪಿಸಲೇ?" ಎಂದು ಕೇಳುತ್ತಿತ್ತು. ಅದನ್ನೂ ತೆಗೆಸಿದೆ. ಹೇಳಿದ್ದನ್ನು ಎರಡು ಸಲ ಕೇಳುವವರು ನನಗೆ ಆಗುವುದಿಲ್ಲ, ಯಂತ್ರವಾದರೂ ಅಷ್ಟೇ.

ಕೊನೆಗೆ, ಯಾರೂ ಬದಲಾಯಿಸದ ಹಾಗೆ ಬೀಗ ಹಾಕಿಸಿದೆ. ಕೋಣೆಯ ಮುಖ್ಯಸ್ಥರಿಗೆ ಆ ಅಧಿಕಾರ ಕೊಟ್ಟಿದ್ದಾರಂತೆ. ಇಡೀ ತಂತ್ರಾಂಶದಲ್ಲಿ ತಲೆ ಇರುವವರು ಮಾಡಿದ್ದು ಅದೊಂದೇ.

11 ನವೆಂಬರ್, ಸೋಮವಾರ

ಕೆಲಸ ಚುರುಕಾಗಿದೆ. ಎಲ್ವಾ ಗೊಣಗುತ್ತಾಳೆ, ಆದರೆ ಮಾಡುತ್ತಾಳೆ.

ಇವತ್ತು ಸೊಸೆ ನಿಮಿಯಾಳದೊಂದು ಹೇಳಿಕೆ ಅರ್ಧಕ್ಕೇ ಕಚೇರಿಗೆ ಹೋಗಿಬಿಟ್ಟಿದೆ. ಕೇಳಿದರೆ, "ತಾನಾಗೇ ಹೋಯ್ತು, ಞಾ ಬಸಿಲಿಸಾ," ಎನ್ನುತ್ತಾಳೆ.

"ತಾನಾಗೇ ಹೋಗೋದು ಹರೆಯ ಒಂದೇ. ಕೈ ನೆಟ್ಟಗಿರ್ಲಿ."

ಸುನಿಲ್ದಾ ಬಾಯಿ ಮುಚ್ಚಿಕೊಂಡು ನಕ್ಕಳು. ನಿಮಿಯಾ ನಗಲಿಲ್ಲ. ತೆರೆರೆ ಸುತ್ತಿನಲ್ಲಿ ಗ್ವಾಂಪಾ ಹಿಡಿದಳು, ಎಂದಿನ ಹಾಗೆ ಬಲಗೈ ಕಿರುಬೆರಳನ್ನು ನೆಟ್ಟಗೆ ಎತ್ತಿಕೊಂಡು, ಮಂತ್ರಿಯ ಹೆಂಡತಿ ಪಿಂಗಾಣಿ ಬಟ್ಟಲಲ್ಲಿ ಕುಡಿಯುವಂತೆ. ಕಾಸಾಪಾದ ಹಿಟ್ಟಿನ ಗಿರಣಿಯಿಂದ ಬಂದವಳಿಗೆ ಆ ನಾಜೂಕು ಎಲ್ಲಿಂದ ಬಂತೋ. ಈ ಮನೆಗೆ ಬಂದ ದಿನದಿಂದ ನೋಡುತ್ತಿದ್ದೇನೆ, ಮೈ ಉರಿಯುತ್ತದೆ.

13 ನವೆಂಬರ್, ಬುಧವಾರ

ಕಾರಣ ಕಂಡುಹಿಡಿದಿದ್ದಾಳಂತೆ. ಎಲ್ಲರ ಎದುರು ಎದ್ದು ನಿಂತು ಹೇಳಿದಳು.

ಗ್ವಾರಾನಿಯಲ್ಲಿ ಮೂಗಿನಿಂದ ಹೇಳುವ ಎ ಇದೆಯಲ್ಲ, ಇ (E) ಅಕ್ಷರದ ಮೇಲೆ ಅಲೆಗೀಟು (~) ಬರುವುದು, ಅದನ್ನು ಅವಳು ಬಲಗಡೆಯ ಆಲ್ಟ್ ಹಿಡಿದು ಇ ಒತ್ತಿ ಮೂಡಿಸುತ್ತಾಳೆ. ಅವಳ ಶಾಲೆಯಲ್ಲಿ ಹಾಗೇ ಕಲಿಸಿದ್ದು. ಈಗ ಹಾಗೆ ಒತ್ತಿದರೆ ಅಕ್ಷರ ಬರುವ ಬದಲು ಹೇಳಿಕೆಯೇ ಕಚೇರಿಗೆ ಹೋಗಿಬಿಡುತ್ತದೆ.

"ನಮ್ಮ 'ಹೌದು' ಅನ್ನೋ ಮಾತಲ್ಲಿ ಹೆಚ್ ಆದ ಕೂಡ್ಲೇ ಆ ಅಕ್ಷರ ಬರುತ್ತೆ, ಞಾ ಬಸಿಲಿಸಾ. ಸಾಕ್ಷಿ 'ಇಲ್ಲ' ಅಂದ್ರೆ ಹೇಳಿಕೆ ಮುಂದಕ್ಕೆ ಹೋಗುತ್ತೆ, 'ಹೌದು' ಅಂದ್ರೆ ಮುಚ್ಕೊಳ್ಳುತ್ತೆ."

ನಾನು ಅವಳ ಕುರ್ಚಿಯಲ್ಲಿ ಕೂತೆ. ಮೊದಲು ಕಿರುಬೆರಳಿಂದ ಅಲೆಗೀಟಿನ ಕೀಲಿ, ಆಮೇಲೆ ಇ. ಟೈಪ್‌ರೈಟರಿನಲ್ಲಿ ಕಲಿತ ಕ್ರಮ. ಹೌದು ಎಂದು ಹತ್ತು ಸಲ ಹೊಡೆದೆ. ಹತ್ತೂ ನೆಟ್ಟಗೆ ಬಂತು, ಏನೂ ಮುಚ್ಚಲಿಲ್ಲ.

"ನೋಡ್ದ್ಯಾ?"

"ನಿಮ್ಮ ಕೈಗೆ ಬರುತ್ತೆ. ಬೇರೆ ಕೀಲಿಗೆ ಬದಲಾಯಿಸಿದ್ರೆ ಇಬ್ಬರಿಗೂ..."

"ನಾನ್ಯಾಕೆ ಬದಲಾಯಿಸ್ಲಿ? ಎಲ್ವಾಗೆ ಬರುತ್ತೆ, ಸುನಿಲ್ದಾಗೆ ಬರುತ್ತೆ. ನಿನ್ನ ಕಿರುಬೆರಳಿಗೇನು ಮದುವೆ ಆಗ್ಬೇಕಾ?"

ಅವಳು ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡಳು.

15 ನವೆಂಬರ್, ಶುಕ್ರವಾರ

ಎರಡು ದಿನ ನಿಧಾನಕ್ಕೆ ಸರಿಯಾಗಿ ಹೊಡೆದವಳು ಇವತ್ತು ಮತ್ತೆ ಒಂದು ಹೇಳಿಕೆಯನ್ನು ಅರ್ಧಕ್ಕೇ ಒಪ್ಪಿಸಿಬಿಟ್ಟಳು. ಬೇಕೆಂದೇ ಮಾಡುತ್ತಿದ್ದಾಳೆ.

19 ನವೆಂಬರ್, ಮಂಗಳವಾರ

ಇಂಥ ದಿನ ನನ್ನ ಕೋಣೆ ಕಂಡಿರಲಿಲ್ಲ.

ಲೆಯೋಕಾದಿಯಾ ಎಂಬ ಮುದುಕಿಯ ಹೇಳಿಕೆ ಬಂದಿತ್ತು. ಬಾಯಲ್ಲಿ ಹಲ್ಲಿಲ್ಲ, ಮಾತು ಅಕ್ಕಿ ಕುದಿದ ಹಾಗೆ. ಅವಳೂ ಕಾಸಾಪಾ ಕಡೆಯವಳು, ಹಾಗಾಗಿ ನಿಮಿಯಾಗೆ ಕೊಟ್ಟಿದ್ದೆ. ಒಂದು ದೊಡ್ಡ ಎಸ್ಟೇಟಿನವರು ಬೇಲಿ ಹಾಕಿ ಇಡೀ ಊರನ್ನೇ ಹೊರಗಿಡಲು ನೋಡುತ್ತಿದ್ದಾರೆ. ಬೇಲಿಗೆ ಮುಂಚೆ ಅಲ್ಲಿದ್ದವರಲ್ಲಿ ಬದುಕಿ ಉಳಿದಿರುವವಳು ಈ ಮುದುಕಿ ಒಬ್ಬಳೇ. 28ಕ್ಕೆ ವಿಚಾರಣೆ.

ಕಚೇರಿಯ ಹುಡುಗಿ ಫೋನ್ ಮಾಡಿ ಓದಿ ಹೇಳಿದಳು. ವಕೀಲರ ಪ್ರಶ್ನೆ: ಬೇಲಿ ಹಾಕುವುದಕ್ಕೆ ಮುಂಚೆ ನೀವು ಅಲ್ಲಿ ವಾಸವಿದ್ದಿರಾ? ಅದರ ಕೆಳಗೆ ಉತ್ತರವೆಂದು ಒಂದೇ ಒಂದು ಅಕ್ಷರ, ಹೆಚ್. ಅಷ್ಟೇ. "ಇದನ್ನ ಓದಿದ್ರೆ ಅಜ್ಜಿ ಉತ್ತರಾನೇ ಕೊಡ್ಲಿಲ್ಲ ಅನ್ಸುತ್ತೆ, ಞಾ ಬಸಿಲಿಸಾ. ಹೊಸದಾಗಿ ಮಾಡಿ ವಿಚಾರಣೆಗೆ ಮುಂಚೆ ಕಳಿಸಿ. ಇಲ್ಲಾಂದ್ರೆ ಇದೇ ದಾಖಲೆ."

ನನ್ನ ಹೆಸರು ಹೇಳಿ ಯಾರೂ ಹಾಗೆ ಮಾತಾಡಿರಲಿಲ್ಲ. ಫೋನಿಟ್ಟು, ಎಲ್ಲರೂ ತೆರೆರೆಗೆ ಕೂತಿದ್ದಲ್ಲಿಗೆ ಹೋಗಿ ನಿಮಿಯಾಗೆ ಹೇಳಿದೆ: "ನಿನ್ನೂರಿನ ಮುದುಕಿ ಕಣೇ ಅದು. ಅವಳ ನೆಲ ಅವಳ ಬಾಯಲ್ಲಿತ್ತು, ನೀನು ಬಾಯಿ ಮುಚ್ಚಿಸಿದೆ."

"ಕೀಲಿ ಬದಲಾಯಿಸಿ ಅಂತ ಕೇಳ್ಕೊಂಡಿದ್ದೆ."

"ಕೈ ಬದಲಾಯಿಸ್ಕೋ ಅಂತ ನಾನೂ ಹೇಳಿದ್ದೆ. ಒಂದು ಬೆರಳು ಬಗ್ಗಿಸೋಕೆ ಇಷ್ಟು ಜಂಬ ಇರೋರಿಗೆ ನನ್ನ ಕೋಣೇಲಿ ಕುರ್ಚಿ ಯಾಕೆ?"

ಎಲ್ವಾ, "ಅತ್ತಿಗೆ," ಎಂದಳು. ನಾನು ತಿರುಗಲಿಲ್ಲ.

ನಿಮಿಯಾ ಕೈಯಲ್ಲಿದ್ದ ಗ್ವಾಂಪಾ ಖಾಲಿಯಾಗುವವರೆಗೂ ನಿಧಾನವಾಗಿ ಹೀರಿದಳು. ಸುನಿಲ್ದಾಗೆ ಹಿಂದಿರುಗಿಸಿ, ನನ್ನನ್ನು ನೋಡುತ್ತ "ಗ್ರಾಸಿಯಾಸ್" ಎಂದು ಎದ್ದುಹೋದಳು.

ಅದು ಅವಳಿಗೆ ಮೊದಲನೇ ಸುತ್ತು.

20 ನವೆಂಬರ್, ಬುಧವಾರ

ಮುಂಜಾನೆ ಬಸ್ಸಿಗೆ ತವರಿಗೆ ಹೋಗಿದ್ದಾಳೆ. ಹೋಗಲಿ. ಅವಳ ಹೆಡ್‌ಫೋನ್ ಕುರ್ಚಿಗೆ ತೂಗುಹಾಕಿದೆ.

22 ನವೆಂಬರ್, ಶುಕ್ರವಾರ

ಮುದುಕಿಯ ಹೇಳಿಕೆಯನ್ನು ನಾನೇ ಕೈಗೆತ್ತಿಕೊಂಡೆ. ಮೂರು ದಿನದಲ್ಲಿ ಅರ್ಧವೂ ಆಗಿಲ್ಲ. ಈ ಧ್ವನಿ ಮುದ್ರಿಸಿದವರು ಕೋಳಿಗೂಡಿನಲ್ಲಿ ಕೂತಿದ್ದರೋ ಏನೋ. ಒಂದೇ ವಾಕ್ಯವನ್ನು ತಿರುಗಿಸಿ ತಿರುಗಿಸಿ ಕೇಳುತ್ತೇನೆ, ಬಾವಿ ಎನ್ನುತ್ತಾಳೋ ಬೇರೆ ಏನಾದರೂ ಎನ್ನುತ್ತಾಳೋ ತಿಳಿಯದು. ಸುನಿಲ್ದಾಳನ್ನು ಕರೆದೆ, ಅವಳು ನಾಯಿ ಎಂದಳು. ಎಲ್ವಾ ಕಣ್ಣು ಮುಚ್ಚಿ ಕೇಳಿ, "ಇದು ನಿಮಿಯಾಗೇ ಸರಿ," ಎಂದಳು. ನಿನ್ನನ್ನು ಯಾರು ಕೇಳಿದರು ಎಂದು ಗದರಿಸಿದೆ.

ಆರ್ಸೆನಿಯೋ ನದಿಯಿಂದ ಫೋನ್ ಮಾಡಿದ್ದ. ಅವನ ದೋಣಿ ಈಗ ಬ್ರೆಜಿಲ್ ಗಡಿಯಲ್ಲಿ ಸರಕಿಗೆ ಕಾಯುತ್ತಿದೆ. "ಅಮ್ಮ, ಏನಾಯ್ತು?" ಎಂದ.

"ನಿನ್ನ ಹೆಂಡ್ತೀನ ಕೇಳು."

"ಅವಳು ಏನೂ ಹೇಳ್ತಿಲ್ಲ. ನೀನೂ ಹೇಳ್ಬೇಡ. ಇಬ್ಬರೂ ಒಂದೇ ಅಚ್ಚು," ಎಂದು ಇಟ್ಟುಬಿಟ್ಟ. ನನ್ನನ್ನೂ ಅವಳನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತಾನೆ.

23 ನವೆಂಬರ್, ಶನಿವಾರ

ಎಲ್ವಾಳಿಗೂ ನನಗೂ ಅಡುಗೆಮನೆಯಲ್ಲಿ ಜಗಳ. ಅವಳು ಮಂದಿಯೋಕಾ ಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಚಾಕು ಕೆಳಗಿಟ್ಟು ಕೇಳಿದಳು: "ಅತ್ತಿಗೆ, ನಿಮಿಯಾ ಮಂದಿಯೋಕಾ ತುರಿಯೋದು ಯಾವತ್ತಾದ್ರೂ ನೋಡಿದೀರಾ?"

"ಇಲ್ಲ. ಸೋಮಾರಿ."

"ಅವಳ ಕಿರುಬೆರಳು ಬಗ್ಗೋದಿಲ್ಲ. ಚಿಕ್ಕವಳಿದ್ದಾಗ ಅವರಪ್ಪನ ಹಿಟ್ಟಿನ ಗಿರಣೀಲಿ ಮಂದಿಯೋಕಾ ತುರಿಯೋ ಯಂತ್ರಕ್ಕೆ ಕೈ ಹೋಗಿತ್ತು. ಬೆರಳು ಉಳೀತು, ನರ ಉಳೀಲಿಲ್ಲ."

"ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಬಟ್ಟೆ ಹಿಂಡುವಾಗ ಕಂಡೆ, ಕೇಳಿದೆ, ಹೇಳಿದ್ಳು. ಅತ್ತೆಗೆ ಹೇಳ್ಬೇಡಿ, ಅರ್ಧ ಕೈಯವಳು ಅಂತಾರೆ, ಅಂದ್ಳು."

ಅರ್ಧ ಕೈಯವಳು ಎಂದು ನಾನು ಯಾರಿಗೆ ಹೇಳಿದ್ದೇನೆ? ಸುನಿಲ್ದಾಗೆ ಒಂದು ಸಲ. ಹಿಂದೆ ಇಲ್ಲಿ ಕೆಲಸಕ್ಕಿದ್ದು ಬಿಟ್ಟುಹೋದ ಒಬ್ಬ ಹುಡುಗಿಗೆ. ತಮಾಷೆಗೆ ಅನ್ನುವ ಮಾತು ಅದು.

ಬೆರಳು ಬಗ್ಗದಿದ್ದರೆ ಕೈ ಎತ್ತಿ ಒತ್ತಲಿ. ನೆಪ. ಎಲ್ವಾ ಮೊದಲಿನಿಂದಲೂ ಅವಳ ಕಡೆ. ಅಡುಗೆ ಉಪ್ಪಾಗಿತ್ತು, ಉಣ್ಣಲಿಲ್ಲ.

25 ನವೆಂಬರ್, ಸೋಮವಾರ

ಅದು ನೆಪ ಎಂದು ತೋರಿಸುವುದಕ್ಕಾಗಿಯೇ ಕೂತೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ಊಟದ ನಂತರ ಎಲ್ಲರೂ ಮಲಗಿದ್ದರು. ಒಂದು ಐಸ್‌ಕ್ರೀಮ್ ಕಡ್ಡಿ ತೊಳೆದು, ಬಲಗೈ ಕಿರುಬೆರಳಿಗೆ ಇಟ್ಟು ಬಟ್ಟೆ ಸುತ್ತಿದೆ. ನಿಮಿಯಾಳ ಕುರ್ಚಿಯಲ್ಲಿ ಕೂತೆ. ಕುರ್ಚಿ ನನಗಿಂತ ಎತ್ತರಕ್ಕಿದೆ, ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಅವಳ ಹೆಡ್‌ಫೋನ್ ಹಾಕಿಕೊಂಡು, ಅಭ್ಯಾಸದ ಕಡತ ತೆರೆದು, ಮುದುಕಿ ಮಾತಾಡಿದ ಹಾಗೆ ಹೊಡೆಯುತ್ತ ಹೋದೆ.

ಅಲೆಗೀಟಿಗೆ ಪ್ರತಿ ಸಲ ಇಡೀ ಕೈ ಎತ್ತಬೇಕಾಯಿತು. ಎತ್ತಿದ ಕೈ ಅದೇ ಸಾಲಿಗೆ ಇಳಿಯುವುದಿಲ್ಲ, ಒಂದು ಕೀಲಿ ಆಚೆ ಇಳಿಯುತ್ತದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಮುದುಕಿ ಎಷ್ಟೋ ಮುಂದೆ ಹೋಗಿದ್ದಳು. ಮಣಿಕಟ್ಟು ಸೆಟೆದುಕೊಂಡಿತು. ಪ್ರೌಢಶಾಲೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಸಿಸ್ಟರ್ ನೋಡಿದ್ದರೆ ಅಳತೆಪಟ್ಟಿ ಮುರಿಯುವವರೆಗೆ ಹೊಡೆಯುತ್ತಿದ್ದರು.

ಹೆಬ್ಬೆರಳು ಖಾಲಿ ಇತ್ತು. ಅದು ಬಲಗಡೆಯ ಆಲ್ಟಿನ ಮೇಲೇ ಕೂತಿತ್ತು, ಎಂದಿನ ಹಾಗೆ.

ವಕೀಲರು ಕೇಳಿದರು, ಬೇಲಿ ಹಾಕುವುದಕ್ಕೆ ಮುಂಚೆ ನೀವು ಅಲ್ಲಿ ವಾಸವಿದ್ದಿರಾ ಎಂದು. ಮುದುಕಿಯ ಉಸಿರು ಕೇಳುತ್ತಿತ್ತು. ಆಮೇಲೆ ಗಟ್ಟಿಯಾಗಿ, ಎಲ್ಲ ಮಾತಿಗಿಂತ ಸ್ಪಷ್ಟವಾಗಿ ಹೌದು ಎಂದಳು. ನನ್ನ ಕೈ ಹೆಚ್ ಹೊಡೆಯಿತು, ಹೆಬ್ಬೆರಳು ಒತ್ತಿತು, ಇ ಬಿತ್ತು. ಪರದೆ ಖಾಲಿ. ಕಿವಿಯಲ್ಲಿ ಮುದುಕಿ ಇನ್ನೂ ಹೇಳುತ್ತಲೇ ಇದ್ದಳು. ನಾನು, ನನ್ನ ಗಂಡ, ನಾವೇ ತೋಡಿದ ಬಾವಿ.

ಬಾವಿಯೇ. ನಾಯಿಯಲ್ಲ.

ಕುರೆಪಿಗೆ ಫೋನ್ ಮಾಡಿ ಬೈದೆ. "ನೀನು ಕಲಿತವನು. ಒಬ್ಬೊಬ್ಬರ ಕೈ ನೋಡ್ಬೇಕು ಅಂತ ಗೊತ್ತಿತ್ತು ನಿನಗೆ. ಯಾಕೆ ಸುಮ್ಮನೆ ಹೋದೆ?"

"ನೀವು ಬಿಡ್ಲಿಲ್ಲ, ಞಾ ಬಸಿಲಿಸಾ."

"ಬಿಡ್ಲಿಲ್ಲ ಅಂದ್ರೆ ಜಗಳ ಆಡ್ಬೇಕು. ಗಂಡಸಲ್ವಾ ನೀನು?"

"ನಿಮ್ಮ ಜೊತೆ?" ಎಂದ. ಆಮೇಲೆ, "ಅಲ್ಲ, ನನ್ನ ತಪ್ಪೂ ಇದೆ. ಆ ಹಳದಿ ಚೌಕ ನಿಮ್ಮ ಯಂತ್ರದಲ್ಲಿ ಮಾತ್ರ ಕಾಣಿಸುತ್ತೆ. ಬೀಗ ಎಲ್ಲರಿಗೂ ಬೀಳುತ್ತೆ. ಚೌಕಾನೂ ಎಲ್ಲರಿಗೂ ಹೋಗ್ಬೇಕಿತ್ತು. ಅದನ್ನ ಸರಿ ಮಾಡಿಸ್ತೀನಿ," ಎಂದ.

"ಮೊದಲು ಬಂದು ಬೀಗ ತೆಗಿ. ನಾಳೆ ಬೆಳಗ್ಗೆ."

26 ನವೆಂಬರ್, ಮಂಗಳವಾರ

ಎಸೆಕಿಯೆಲ್ ಬಂದ. ಬೀಗ ತೆಗೆದ. ಒಬ್ಬೊಬ್ಬರ ಪಕ್ಕ ಕೂತು ಕೈ ನೋಡಿದ. ನನ್ನ ಕೋಣೆ ಸಂತೆಯಾಯಿತು. ಎಲ್ವಾ ಇಷ್ಟು ದಿನ ನಾನಿಟ್ಟ ಕೀಲಿಗಳನ್ನು ಒತ್ತುತ್ತಲೇ ಇರಲಿಲ್ಲವಂತೆ, ನಾನು ಆಚೆ ಹೋದಾಗ ಮೌಸ್ ಹಿಡಿಯುತ್ತಿದ್ದಳಂತೆ. ನಾಚಿಕೆಯಿಲ್ಲದೆ ಹೇಳುತ್ತಾಳೆ. ಸುನಿಲ್ದಾ ಎಡಗೈಗೇ ಎಲ್ಲವನ್ನೂ ಇಟ್ಟುಕೊಂಡಳು. ಯಾಕೆ ಎಂದರೆ, "ಬಲಗೈಯಲ್ಲಿ ಚಿಪಾ ರೊಟ್ಟಿ ತಿನ್ಬಹುದು, ದೊಡ್ಡಮ್ಮ," ಎನ್ನುತ್ತಾಳೆ. ಬೈದೆ. ಹಾಗೇ ಇಟ್ಟುಕೊಂಡಳು.

"ನಿಮ್ಮದು?" ಎಂದು ಎಸೆಕಿಯೆಲ್ ಕೇಳಿದ.

"ನನ್ನದು ಇದ್ದ ಹಾಗೇ ಇರ್ಲಿ."

"ನಿಮಿಯಾದು?"

"ಅವಳು ಬಂದು ಇಟ್ಕೊಳ್ತಾಳೆ. ನೀನು ಅದನ್ನ ಮುಟ್ಬೇಡ."

ಅವನು ಹೋದ ಮೇಲೆ ಕಾಸಾಪಾಗೆ ಫೋನ್ ಮಾಡಿದೆ. ಅವಳ ತಾಯಿ ಎತ್ತಿ, ನನ್ನ ಧ್ವನಿ ಕೇಳಿದ್ದೇ ಮಗಳಿಗೆ ಕೊಟ್ಟರು.

"ಲೆಯೋಕಾದಿಯಾ ಏನು ಹೇಳ್ತಾಳೋ ಇಲ್ಲಿ ಯಾರಿಗೂ ಗೊತ್ತಾಗ್ತಿಲ್ಲ," ಎಂದೆ. "ನಾಡಿದ್ದು ವಿಚಾರಣೆ."

ಆ ಕಡೆಯಿಂದ ಕೋಳಿಗಳ ಸದ್ದು.

"ಬೀಗ?" ಎಂದಳು.

"ತೆಗೆಸಿದೀನಿ."

"ಸುನಿಲ್ದಾ ಕಲ್ತುಕೊಳ್ಲಿ, ಞಾ ಬಸಿಲಿಸಾ. ಅವಳ ಬೆರಳೆಲ್ಲ ಚೆನ್ನಾಗಿವೆ."

ನನಗೆ ಕ್ಷಮೆಯ ಮಾತು ಬರುವುದಿಲ್ಲ. "ನಿನ್ನ ಕುರ್ಚೀಲಿ ಕೂತಿದ್ದೆ," ಎಂದೆ. "ಕಿರುಬೆರಳಿಗೆ ಕಡ್ಡಿ ಕಟ್ಕೊಂಡು."

ಆ ಕಡೆ ಅವಳು ತಾಯಿಯನ್ನು ಬಸ್ಸಿನ ಹೊತ್ತು ಕೇಳಿದಳು. ಆಮೇಲೆ, "ಬೆಳಗಿನ ಬಸ್ಸು ಸಿಕ್ಕಿದ್ರೆ ನೋಡ್ತೀನಿ," ಎಂದಳು.

27 ನವೆಂಬರ್, ಬುಧವಾರ

ಬಸ್ಸು ಸಿಕ್ಕಿದೆ. ಬಂದವಳು ಯಾರ ಮುಖವನ್ನೂ ನೋಡದೆ ನೇರವಾಗಿ ಹೋಗಿ ಕುರ್ಚಿಯಲ್ಲಿ ಕೂತಳು. ಮೊದಲು ತನ್ನ ಕೀಲಿಗಳನ್ನು ಇಟ್ಟುಕೊಂಡಳು. ಮೂಗಿನ ಎ ಹೆಬ್ಬೆರಳಿಗೆ ವಾಪಸು ಬಂತು. ಒಪ್ಪಿಸುವುದನ್ನು ಮೇಲಿನ ಸಾಲಿನ ಕಟ್ಟಕಡೆಯ ಕೀಲಿಗೆ ಹಾಕಿದಳು.

ಹಿಂದೆ ನಿಂತಿದ್ದ ನಾನು, "ಅಷ್ಟು ದೂರಾನಾ?" ಎಂದೆ.

"ಒಪ್ಪಿಸೋಕೆ ಮುಂಚೆ ಒಂದು ಸಲ ಕೈ ಎತ್ಬೇಕು. ಅಷ್ಟರಲ್ಲಿ ಯೋಚನೆ ಮಾಡ್ಬಹುದು, ಞಾ ಬಸಿಲಿಸಾ."

ನನಗೆ ಉಪದೇಶ. ಬೈಯಲು ಹೊತ್ತಿರಲಿಲ್ಲ, ಕೆಲಸ ಬಹಳ ಇತ್ತು.

ಮುದುಕಿಯ ಮಾತನ್ನು ಅವಳು ಪಕ್ಕದ ಮನೆಯವಳ ಮಾತಿನ ಹಾಗೆ ಕೇಳಿಸಿಕೊಂಡಳು. ಎಲ್ಲಿಯೂ ತಿರುಗಿಸಲಿಲ್ಲ. ಆ ಪ್ರಶ್ನೆ ಬಂದಾಗ ಎಲ್ವಾಳ ಕೈ ನಿಂತಿತು, ಸುನಿಲ್ದಾಳ ಕೈ ನಿಂತಿತು. ಹೌದು, ಎಂದು ಪರದೆಯ ಮೇಲೆ ಮೂಡಿತು. ಪರದೆ ಹಾಗೇ ಇತ್ತು. ಅದರ ಕೆಳಗೆ ಗಂಡ ಬಂದ, ಬಾವಿ ಬಂತು, ಬಾವಿಯ ಪಕ್ಕ ನೆಟ್ಟ ಕಿತ್ತಳೆ ಗಿಡ ಬಂತು. ಕಿತ್ತಳೆ ನಮಗೆ ಯಾರಿಗೂ ಕೇಳಿಸಿರಲೇ ಇಲ್ಲ. ಮುಗಿಸಿ, ಓದಿ, ಇನ್ನೊಮ್ಮೆ ಓದಿ, ಕೈ ಎತ್ತಿ ಒಪ್ಪಿಸಿದಳು. ಕಚೇರಿಯ ಹುಡುಗಿ ತಲುಪಿತು ಎಂದು ಹೇಳಿದಳು.

ತೆರೆರೆ ಹೊತ್ತಾಗಿತ್ತು. ಸುನಿಲ್ದಾ ತಂಪು ನೀರಿನ ಫ್ಲಾಸ್ಕಿಗೆ ಕೈ ಹಾಕಿದಳು. ಚಿಕ್ಕವಳು ಸುರಿಯಬೇಕು, ಹಿರಿಯಳಿಂದ ಶುರುವಾಗಬೇಕು. ನನ್ನ ಅತ್ತೆಯ ಕಾಲದಿಂದಲೂ ಈ ಮನೆಯಲ್ಲಿ ಹಾಗೇ.

"ಕೊಡು ಇಲ್ಲಿ," ಎಂದೆ.

"ದೊಡ್ಡಮ್ಮ, ನಾನು..."

"ಕೊಡು ಅಂದೆ."

ಮೊದಲ ಗ್ವಾಂಪಾ ಸಂತ ತೋಮಾಸನಿಗೆ, ಅದನ್ನು ಯಾರೂ ಕುಡಿಯುವುದಿಲ್ಲ. ಎರಡನೆಯದು ನನ್ನದು. ಅದನ್ನು ತುಂಬಿ ನಿಮಿಯಾಗೆ ಚಾಚಿದೆ. ಎಲ್ವಾ ಗೋಡೆಯ ಕಡೆ ನೋಡತೊಡಗಿದಳು, ಅಲ್ಲಿ ಏನೂ ಇರಲಿಲ್ಲ.

ನಿಮಿಯಾ ತೆಗೆದುಕೊಂಡಳು. ಕಿರುಬೆರಳು ನೆಟ್ಟಗೆ ನಿಂತಿತ್ತು. ಬುಡದಲ್ಲಿ ಬಿಳಿ ಗೆರೆಯೊಂದಿದೆ, ಉಗುರಿನಷ್ಟು ಉದ್ದ. ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ನಿಧಾನವಾಗಿ ಹೀರಿದಳು, ಕೊನೆಯ ಸದ್ದು ಬರುವವರೆಗೆ. ಗ್ವಾಂಪಾ ನನ್ನ ಕಡೆ ಹಿಡಿದಳು.

ಅವಳ ಬಾಯನ್ನೇ ನೋಡುತ್ತಿದ್ದೆ. ಗ್ರಾಸಿಯಾಸ್ ಬರುತ್ತದೆ ಎಂದುಕೊಂಡೆ.

ಬರಲಿಲ್ಲ. ಗ್ವಾಂಪಾ ಕೈಗೆ ಕೊಟ್ಟು ಇನ್ನೊಂದು ಸುತ್ತಿಗೆ ಕೂತಳು.

ಮತ್ತೆ ಸುರಿದೆ. ಸುನಿಲ್ದಾ ಐಸು ಕಡಿಮೆ ಹಾಕಿದ್ದಳು. ನಾಳೆ ಹೇಳಬೇಕು.